ಆರ್ಕ್ ವೆಲ್ಡಿಂಗ್ ಸುರಕ್ಷತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗೇಟು-ಗ್ರಿಲ್ಲಿನ ಅಂಗಡಿ, ಟ್ರ್ಯಾಕ್ಟರ್ ಗ್ಯಾರೇಜುಗಳಲ್ಲಷ್ಟೇ ಇದ್ದ ವೆಲ್ಡಿಂಗ್ ಮೆಷಿನ್ ಈಗ ಐದಾರು ಕಿಲೋ ತೂಕದ ಇನ್ವರ್ಟರ್ ಪೆಟ್ಟಿಗೆಯಾಗಿ ತೋಟದ ಶೆಡ್ಡಿಗೂ ಬಂದಿದೆ. ಕಲಿತವರು, ಕಲಿಯುತ್ತಿರುವವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಉತ್ತರಗಳು ರಾಡ್ ಹಿಡಿದು ಮಾಡುವ ವೆಲ್ಡಿಂಗ್‌ಗೆ ಸಂಬಂಧಿಸಿದವು. ರಾಡಿನ ತುದಿಗೂ ಲೋಹಕ್ಕೂ ನಡುವೆ ಹೊತ್ತುವ ವಿದ್ಯುತ್ ಜ್ವಾಲೆಯೇ ಆರ್ಕ್.

## ಮೆಷಿನ್ ತಂದ ಹೊಸದರಲ್ಲಿ

200 ಆಂಪಿಯರ್ ಇನ್ವರ್ಟರ್ ಮೆಷಿನ್ ತಂದಿದ್ದೀನಿ. ಮನೆಯ ಪವರ್ ಪ್ಲಗ್ಗಿಗೇ ಹಾಕಬಹುದಾ?

ಯಾವ ರಾಡು ಉರಿಸುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. 2.5 ಮಿ.ಮೀ. ರಾಡನ್ನು, ಅಂದರೆ ಅಂಗಡಿಯವರು 12 ಗೇಜ್ ಎನ್ನುವುದನ್ನು, 80 ಆಂಪಿಯರ್‌ಗೆ ಇಟ್ಟು ಉರಿಸಿದರೆ ಮೆಷಿನ್ 230 ವೋಲ್ಟ್ ಲೈನಿನಿಂದ ಹೆಚ್ಚುಕಡಿಮೆ 15 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಪವರ್ ಪ್ಲಗ್ಗಿಗೆ ಅದೇ ಕಟ್ಟಕಡೆ. 3.15 ಮಿ.ಮೀ. ರಾಡಿಗೆ, ಅಂದರೆ 10 ಗೇಜಿಗೆ, 130 ಆಂಪಿಯರ್ ಕೊಟ್ಟಿರೋ, ಎಳೆತ 27 ಆಂಪಿಯರ್ ಹತ್ತಿರ ಹೋಗುತ್ತದೆ. ಆಗ ಮೊದಲು ಬಿಸಿಯಾಗುವುದು ಪ್ಲಗ್ಗಿನ ಪಿನ್ನು, ಆಮೇಲೆ ಸಾಕೆಟ್ಟಿನ ಒಳಗಿನ ಸಡಿಲ ಸ್ಕ್ರೂ, ಕೊನೆಗೆ ಗೋಡೆಯೊಳಗಿನ ತಂತಿ. ಎಂಸಿಬಿ, ಅಂದರೆ ಎಳೆತ ಮಿತಿಮೀರಿದರೆ ಕರೆಂಟು ಕಡಿಯುವ ಸ್ವಿಚ್ಚು, ಬೀಳುತ್ತಿದೆ ಎಂದು ಅದನ್ನೇ ದೊಡ್ಡದಕ್ಕೆ ಬದಲಿಸುವವರಿದ್ದಾರೆ. ತಂತಿ ಹಳೆಯದೇ ಉಳಿದರೆ ಇದು ಬೆಂಕಿಗೆ ಕೊಟ್ಟ ಆಹ್ವಾನ.

10 ಗೇಜ್ ರಾಡು ಬಳಸುವುದಾದರೆ ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿ: 6 ಚದರ ಮಿ.ಮೀ. ತಾಮ್ರದ ತಂತಿ, 32 ಆಂಪಿಯರ್ ಎಂಸಿಬಿ, 32 ಆಂಪಿಯರಿನ ಇಂಡಸ್ಟ್ರಿಯಲ್ ಸಾಕೆಟ್. ಮಂಜೂರಾದ ಲೋಡ್ ಇದಕ್ಕೆ ಸಾಲುತ್ತದೆಯೇ ಎಂದು ಕರೆಂಟ್ ಬಿಲ್ಲಿನಲ್ಲಿ ನೋಡಿಕೊಳ್ಳಿ. ಎಕ್ಸ್‌ಟೆನ್ಷನ್ ರೀಲ್ ಬಳಸಿದರೆ ತಂತಿಯನ್ನು ಪೂರ್ತಿ ಬಿಚ್ಚಿ ಹರಡಿ. ಸುತ್ತಿದ ರೀಲಿನಲ್ಲಿ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಇನ್ಸುಲೇಷನ್ ಕರಗುತ್ತದೆ.

ಹೊಲದಲ್ಲಿ ಸಾಕೆಟ್ ಇಲ್ಲ. ಕಂಬದ ಲೈನಿಗೆ ಕೊಕ್ಕೆ ಹಾಕಿ ಐದು ನಿಮಿಷದ ಕೆಲಸ ಮುಗಿಸಬಹುದಲ್ಲ?

ಬೇಡ. ಕೊಕ್ಕೆಗೆ ಫ್ಯೂಸೂ ಇಲ್ಲ, ಅರ್ಥೂ ಇಲ್ಲ. ಎರಡು ಫೇಸಿಗೆ ಹಾಕಿದರೆ 415 ವೋಲ್ಟ್. ತಂತಿ ಜಾರಿ ಮೈಮೇಲೆ ಬಿದ್ದರೆ ಆಫ್ ಮಾಡಲು ಸ್ವಿಚ್ಚೇ ಇರುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನ ಪ್ರಕಾರ ಇದು ಕಳ್ಳತನವೂ ಹೌದು.

ಹಾಗಾದರೆ ಜನರೇಟರ್ ಎಷ್ಟು ಕೆವಿಎ ಬೇಕು?

12 ಗೇಜ್ ರಾಡಿಗೆ 5 ಕೆವಿಎ ಸಾಕು. 10 ಗೇಜಿಗೆ 7.5 ಕೆವಿಎಗಿಂತ ಕಡಿಮೆ ಬೇಡ. ಚಿಕ್ಕ ಜನರೇಟರಿಗೆ ದೊಡ್ಡ ಮೆಷಿನ್ ಹಾಕಿದರೆ ಆರ್ಕ್ ಹೊತ್ತುವಾಗ ವೋಲ್ಟೇಜ್ ಕುಸಿದು, ರಾಡು ಎತ್ತಿದಾಗ ಒಮ್ಮೆಲೇ ಏರುತ್ತದೆ. ಇನ್ವರ್ಟರಿನ ಎಲೆಕ್ಟ್ರಾನಿಕ್ಸ್ ಕೆಡುವುದು ಹೆಚ್ಚಾಗಿ ಈ ಏರಿಳಿತಕ್ಕೇ. ಜನರೇಟರನ್ನು ಶೆಡ್ಡಿನ ಹೊರಗೇ ಇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಮೆಷಿನ್ ಜೊತೆ ಬಂದ ಕೈಶೀಲ್ಡು, ಗ್ಲೌಸು ಸಾಕಲ್ವಾ? ಇನ್ನೇನು ಕೊಳ್ಳಬೇಕು?

ಜೊತೆಗೆ ಬರುವ ಕೈಶೀಲ್ಡ್ ಕಣ್ಣನ್ನೇನೋ ಕಾಯುತ್ತದೆ, ಆದರೆ ಒಂದು ಕೈ ಅದಕ್ಕೇ ಮೀಸಲಾಗುತ್ತದೆ. ಕೆಲಸದ ತುಂಡನ್ನು ಹಿಡಿಯಬೇಕಾದಾಗ ಜನ ಶೀಲ್ಡನ್ನು ಕೆಳಗಿಟ್ಟು ಕಣ್ಣು ಮುಚ್ಚಿ ಟ್ಯಾಕ್, ಅಂದರೆ ತುಂಡು ನಿಲ್ಲಿಸುವ ಚುಕ್ಕೆ ಬೆಸುಗೆ, ಹಾಕುತ್ತಾರೆ. ತಲೆಗೆ ಹಾಕುವ ಹೆಲ್ಮೆಟ್ಟಿಗೆ ಮೊದಲು ಹಣ ಹಾಕಿ.

ಗ್ಲೌಸು ಮೊಣಕೈ ಹತ್ತಿರದವರೆಗೆ ಬರುವ ಚರ್ಮದ್ದೇ ಆಗಬೇಕು. ಹತ್ತಿ ನೂಲಿನದಕ್ಕೆ, ಮೇಲೆ ರಬ್ಬರ್ ಲೇಪಿಸಿದ್ದಕ್ಕೆ ಇಲ್ಲಿ ಕೆಲಸವಿಲ್ಲ. ಬಟ್ಟೆ ದಪ್ಪ ಹತ್ತಿಯದು, ತುಂಬು ತೋಳಿನದು. ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಪ್ಯಾಂಟಿನ ಕಾಲು ಮಡಚಿರಬಾರದು, ಶೂ ಒಳಗೂ ತುರುಕಿರಬಾರದು. ಎರಡೂ ಕಡೆ ಕಿಡಿ ಹೋಗಿ ಕೂರುತ್ತದೆ. ಅಂಗಿಯ ಜೇಬಿನಲ್ಲಿ ಲೈಟರ್ ಬೇಡ. ಹವಾಯಿ ಚಪ್ಪಲಿ, ಲುಂಗಿಯಲ್ಲಿ ಕೂತು ವೆಲ್ಡ್ ಮಾಡುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ಬೇಡ ಎನ್ನುವವನೇ ವಿಚಿತ್ರವಾಗಿ ಕಾಣುತ್ತಾನೆ. ಆದರೂ ಬೇಡ.

## ಕಣ್ಣು

ಕಪ್ಪು ಗಾಜಿನ ನಂಬರ್ ಎಷ್ಟಿರಬೇಕು? ಎರಡು ಕೂಲಿಂಗ್ ಗ್ಲಾಸ್ ಒಂದರ ಮೇಲೊಂದು ಹಾಕಿದರೆ ಆಗಲ್ವಾ?

80 ಆಂಪಿಯರ್‌ವರೆಗೆ 10ನೇ ಶೇಡ್, ಅಲ್ಲಿಂದ 175ರವರೆಗೆ 11, ಅದಕ್ಕೂ ಮೇಲೆ 12. ಕೂಲಿಂಗ್ ಗ್ಲಾಸ್ ಎಷ್ಟು ಹಾಕಿದರೂ ಈ ಮಟ್ಟಕ್ಕೆ ಬರುವುದಿಲ್ಲ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು ಇವೂ ಹಾಗೆಯೇ: ಬೆಳಕು ಮಂಕಾಗಿ ಕಂಡರೂ ಕಣ್ಣಿಗೆ ಕಾಣದ ಅತಿನೇರಳೆ ಮತ್ತು ಅವಕೆಂಪು ಕಿರಣ ಒಳಗೆ ಬರುತ್ತಲೇ ಇರುತ್ತದೆ. ಕೊಳ್ಳುವಾಗ ಗಾಜಿನ ಮೇಲೆ ಶೇಡ್ ನಂಬರ್ ಕೆತ್ತಿದೆಯೇ ನೋಡಿ. ಭಾರತೀಯ ಮಾನಕ ಐಎಸ್ 1179 ಈ ಉಪಕರಣಗಳಿಗಾಗಿಯೇ ಇದೆ. ಕಪ್ಪು ಗಾಜಿನ ಮುಂದೆ ಒಂದು ಬಿಳಿ ಗಾಜು ಇರಲಿ. ಕಿಡಿ ತಾಗಿ ಹಾಳಾಗುವುದು ಅಗ್ಗದ ಆ ಬಿಳಿ ಗಾಜು. ಅದು ಮಸುಕಾದ ಮೇಲೂ ಬದಲಿಸದಿದ್ದರೆ ಕುತ್ತಿಗೆ ಮುಂದೆ ಚಾಚಿ ಹೊಗೆಯೊಳಗೇ ಮುಖ ಇಡುತ್ತೀರಿ.

ಆಟೋ ಡಾರ್ಕ್ ಹೆಲ್ಮೆಟ್ ನಂಬಬಹುದಾ? ಒಂದು ಕ್ಷಣ ತಡವಾಗಿ ಕಪ್ಪಾದರೆ?

ನಂಬಬಹುದು. ಅತಿನೇರಳೆ, ಅವಕೆಂಪು ಕಿರಣಗಳನ್ನು ತಡೆಯುವ ಪದರ ಬ್ಯಾಟರಿ ಸತ್ತಿದ್ದರೂ ಕೆಲಸ ಮಾಡುತ್ತಿರುತ್ತದೆ. ಬ್ಯಾಟರಿಯಿಂದ ಬದಲಾಗುವುದು ಕಾಣುವ ಬೆಳಕಿನ ಕಪ್ಪು ಮಾತ್ರ. ಎರಡು ಕಡೆ ಇದು ಕೈಕೊಡುತ್ತದೆ: ಮುಂದಿನ ಸೆನ್ಸಾರಿಗೆ ಪೈಪೋ ಕೈಯೋ ಅಡ್ಡ ಬಂದಾಗ, ಮತ್ತು ಗಾಜು ಕಪ್ಪಾಗದ ಗ್ರೈಂಡ್ ಮೋಡಿನಲ್ಲಿಟ್ಟು ಮರೆತಾಗ. ಕೆಲಸಕ್ಕೆ ಮುಂಚೆ ಟೆಸ್ಟ್ ಬಟನ್ ಒತ್ತಿ ನೋಡುವ ರೂಢಿ ಇರಲಿ.

ಸಂಜೆ ಏನೂ ಆಗಿರಲಿಲ್ಲ, ನಡುರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗಾಯ್ತು. ಆಲೂಗಡ್ಡೆ ಇಡಲಾ, ಎದೆಹಾಲು ಹಾಕಿಸಲಾ?

ಎರಡೂ ಬೇಡ. ಬರಿಗಣ್ಣಿಗೆ ಆರ್ಕ್ ಹೊಡೆದಾಗ ಕಣ್ಣಿನ ಮೇಲ್ಪದರ, ಕಾರ್ನಿಯಾ, ಬಿಸಿಲಿಗೆ ಚರ್ಮ ಸುಟ್ಟಂತೆ ಸುಡುತ್ತದೆ. ಉರಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ, ಅದಕ್ಕೇ ನಡುರಾತ್ರಿ. ಸುಟ್ಟ ಆ ಪದರದ ಮೇಲೆ ಆಲೂಗಡ್ಡೆ ಹೋಳಾಗಲಿ ಹಾಲಾಗಲಿ ಇಟ್ಟರೆ ಸೋಂಕಿಗೆ ದಾರಿ.

ಕಣ್ಣು ಉಜ್ಜಬೇಡಿ. ಲೆನ್ಸ್ ಹಾಕಿದ್ದರೆ ತೆಗೆಯಿರಿ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಿನ ಶುದ್ಧ ಬಟ್ಟೆ, ಕತ್ತಲು ಕೋಣೆ, ನೋವಿಗೆ ಪ್ಯಾರಾಸಿಟಮಾಲ್. ಇಷ್ಟಕ್ಕೇ ಹೆಚ್ಚಿನವರಿಗೆ 24ರಿಂದ 48 ಗಂಟೆಯಲ್ಲಿ ವಾಸಿಯಾಗುತ್ತದೆ. ಒಂದು ದಿನದಲ್ಲಿ ನೋವು ಇಳಿಮುಖವಾಗದಿದ್ದರೆ, ದೃಷ್ಟಿ ಮಂಜಾಗಿದ್ದರೆ ಅಥವಾ ಒಂದೇ ಕಣ್ಣಿನಲ್ಲಿ ಚುಚ್ಚುತ್ತಿದ್ದರೆ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಒಂದೇ ಕಣ್ಣು ಎಂದರೆ ಬಹುಶಃ ಲೋಹದ ಚೂರು ಕೂತಿದೆ. ಮೆಡಿಕಲ್ ಶಾಪಿನಿಂದ ಮರಗಟ್ಟಿಸುವ ಹನಿ ತಂದು ಇಟ್ಟುಕೊಳ್ಳುವ ಅಭ್ಯಾಸ ವೆಲ್ಡರುಗಳಲ್ಲಿದೆ. ನೋವು ತಕ್ಷಣ ಮಾಯವಾಗುತ್ತದೆ ನಿಜ, ಪದೇ ಪದೇ ಹಾಕಿದರೆ ಕಾರ್ನಿಯಾ ಕೂಡಿಕೊಳ್ಳುವುದೇ ನಿಲ್ಲುತ್ತದೆ.

ರಸ್ತೆ ಬದಿ ಗೇಟ್ ಕೂರಿಸುವಾಗ ಮಕ್ಕಳು ನಿಂತು ನೋಡ್ತಾರೆ. ಎಷ್ಟು ದೂರ ಇದ್ದರೆ ತೊಂದರೆ ಇಲ್ಲ?

ದೂರ ಲೆಕ್ಕ ಹಾಕುತ್ತಾ ಕೂರುವ ಬದಲು ಮರೆ ಕಟ್ಟಿ. ಬೆಂಕಿ ಹಿಡಿಯದ ವೆಲ್ಡಿಂಗ್ ಪರದೆ ಇಲ್ಲದಿದ್ದರೆ ತಗಡಿನ ಎರಡು ಶೀಟು ನಿಲ್ಲಿಸಿದರೂ ಆಯಿತು. ಆರ್ಕ್ ಹೊತ್ತಿಸುವ ಮೊದಲು ಗಟ್ಟಿಯಾಗಿ ಹೇಳಿ. ರಾಡು ಹಿಡಿದವನಿಗಿಂತ ಹೆಚ್ಚಾಗಿ ಕಣ್ಣು ಸುಟ್ಟುಕೊಳ್ಳುವವನು ಪಕ್ಕದಲ್ಲಿ ಪೈಪು ಹಿಡಿದು ನಿಂತ ಸಹಾಯಕ. ಅವನಿಗೂ ಒಂದು ಶೀಲ್ಡ್ ಕೊಡಿ. ಬಿಳಿ ಸುಣ್ಣದ ಗೋಡೆ, ಹೊಳೆಯುವ ಅಲ್ಯೂಮಿನಿಯಂ ಶೀಟು ಕಿರಣವನ್ನು ಹಿಂದಿನಿಂದ ತಂದು ನಿಮ್ಮ ಹೆಲ್ಮೆಟ್ಟಿನ ಒಳಗೂ ಹೊಡೆಯುತ್ತವೆ.

ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿಗೆ ಕರಗಿ ಅಂಟಿಕೊಳ್ಳುತ್ತಂತೆ, ನಿಜಾನಾ?

ಸುಳ್ಳು. ಹೆಲ್ಮೆಟ್ ಹಾಕಿದರೆ ಲೆನ್ಸ್ ಇದ್ದರೂ ವೆಲ್ಡ್ ಮಾಡಬಹುದು. ಧೂಳು ಒಳಗೆ ಸೇರದಂತೆ ಗ್ರೈಂಡಿಂಗ್ ಹೊತ್ತಿಗೆ ಸುತ್ತಲೂ ಮುಚ್ಚಿದ ಕನ್ನಡಕ ಹಾಕಿ.

ವೆಲ್ಡಿಂಗ್ ಮುಗಿದ ಮೇಲೆ ಸ್ಲ್ಯಾಗ್ ಕುಟ್ಟುವಾಗಲೂ ಕನ್ನಡಕ ಬೇಕಾ?

ಬೇಕು. ಸ್ಲ್ಯಾಗ್ ಎಂದರೆ ಬೆಸುಗೆಯ ಮೇಲೆ ಗಟ್ಟಿಯಾಗುವ ಪೊರೆ. ಬಿಸಿಯಾಗಿರುವ ಅದು ಸಿಡಿಯುವುದು ಮುಖದ ಕಡೆಗೇ. ಹೆಲ್ಮೆಟ್ ಒಳಗೆ ಪಾರದರ್ಶಕ ಕನ್ನಡಕ ಮೊದಲೇ ಹಾಕಿಕೊಂಡಿದ್ದರೆ ಮುಖವಾಡ ಮೇಲೆತ್ತಿದ ಕೂಡಲೇ ಕುಟ್ಟಬಹುದು, ಹುಡುಕುವ ಕೆಲಸವಿಲ್ಲ.

## ಶಾಕ್

ಔಟ್‌ಪುಟ್ಟಿನಲ್ಲಿ 70 ವೋಲ್ಟ್ ತಾನೆ? ಮನೆ ಕರೆಂಟಿನ ಮೂರನೇ ಒಂದು ಭಾಗ. ಅದು ಏನು ಮಾಡುತ್ತೆ?

ಒಣ ಕೈಯಲ್ಲಿ, ಒಣ ನೆಲದ ಮೇಲೆ ಚುಂಯ್ ಎನ್ನಿಸಿ ಬಿಡಬಹುದು. ಬೆವರಿದ ಮೈಯ ತಡೆ 1000 ಓಮ್ ಆಸುಪಾಸಿಗೆ ಇಳಿಯುತ್ತದೆ. 70 ವೋಲ್ಟನ್ನು ಅದರಿಂದ ಭಾಗಿಸಿ: 70 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 30 ದಾಟಿದರೆ ಹೃದಯದ ಲಯ ತಪ್ಪಬಹುದು. ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್ನಿನ ಎಸಿ ಔಟ್‌ಪುಟ್ ಇದರಲ್ಲಿ ಡಿಸಿಗಿಂತ ಕೆಟ್ಟದ್ದು.

ಇನ್ನೊಂದು ಸಂಗತಿ: ಈ ವೋಲ್ಟೇಜ್ ಪೂರ್ತಿ ಇರುವುದು ಆರ್ಕ್ ಉರಿಯುತ್ತಿಲ್ಲದಾಗ. ಆರ್ಕ್ ಹೊತ್ತಿದ ಮೇಲೆ ಅದು 20-25ಕ್ಕೆ ಇಳಿಯುತ್ತದೆ. ಹಾಗಾಗಿ ಅಪಾಯದ ಗಳಿಗೆ ರಾಡು ಬದಲಿಸುವ ಗಳಿಗೆ. ಗ್ಲೌಸು ತೆಗೆದು, ಬೆವರ ಕೈಯಲ್ಲಿ, ಕಬ್ಬಿಣದ ಮೇಲೆ ಮೊಣಕಾಲೂರಿ ರಾಡು ಸಿಕ್ಕಿಸಬೇಡಿ. ರಾಡು ಕಚ್ಚಿಸುವ ಹೋಲ್ಡರಿನ ಹಿಡಿ ಒಡೆದಿದ್ದರೆ ಟೇಪ್ ಸುತ್ತದೆ ಹೊಸದು ತನ್ನಿ. ಬಿಸಿಯಾಯಿತೆಂದು ಹೋಲ್ಡರನ್ನು ನೀರಿಗೆ ಅದ್ದಬಾರದು, ಕೇಬಲನ್ನು ಹೆಗಲಿಗೋ ಸೊಂಟಕ್ಕೋ ಸುತ್ತಿಕೊಳ್ಳಬಾರದು.

ನಮ್ಮಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿದ್ದೀವಿ, ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು. ಶಾಕ್ ಹೊಡೆದರೆ ಟ್ರಿಪ್ ಆಗುತ್ತಲ್ಲ?

ಮೆಷಿನ್ನಿಗೆ ಬರುವ 230 ವೋಲ್ಟ್ ಕಡೆ ಸೋರಿದರೆ ಆಗುತ್ತದೆ. ಹೋಲ್ಡರ್ ಕಡೆಯ ಶಾಕಿಗೆ ಆಗುವುದಿಲ್ಲ. ಮೆಷಿನ್ನಿನೊಳಗಿನ ಟ್ರಾನ್ಸ್‌ಫಾರ್ಮರ್ ಎರಡೂ ಕಡೆಯನ್ನು ಬೇರ್ಪಡಿಸಿದೆ. ನಿಮ್ಮ ಮೈಯಲ್ಲಿ ಹರಿಯುವ ಕರೆಂಟು ಹೋಲ್ಡರಿನಿಂದ ಹೊರಟು ಕೆಲಸದ ತುಂಡಿಗೆ ಕಚ್ಚಿಸಿದ ಕ್ಲಾಂಪಿಗೇ ಮರಳುತ್ತದೆ, ಆರ್‌ಸಿಸಿಬಿಗೆ ಅದರ ಸುಳಿವೇ ಸಿಗುವುದಿಲ್ಲ. ಎಂಸಿಬಿಯ ಕಥೆಯೂ ಅಷ್ಟೇ. ಕರೆಂಟು ತಾನಾಗಿ ಕಡಿದುಹೋಗುತ್ತದೆ ಎಂದು ನಂಬಿ ಕೆಲಸ ಮಾಡುವವರು ಈ ಒಂದು ಉತ್ತರವನ್ನಾದರೂ ಎರಡು ಸಲ ಓದಬೇಕು. ಆ ಬದಿಗೆ ಇರುವ ರಕ್ಷಣೆ ಒಣ ಗ್ಲೌಸು, ಒಣ ಶೂ, ಒಡೆಯದ ಹೋಲ್ಡರ್. ಮೆಷಿನ್ನಿನಲ್ಲಿ ವಿಆರ್‌ಡಿ ಇದ್ದರೆ ಅದೂ ಸೇರುತ್ತದೆ: ಆರ್ಕ್ ಇಲ್ಲದ ಹೊತ್ತಿನಲ್ಲಿ ವೋಲ್ಟೇಜನ್ನು ತಾನೇ ಕೆಳಗಿಳಿಸುವ ವ್ಯವಸ್ಥೆ ಅದು. ಕೊಳ್ಳುವಾಗ ಕೇಳಿ.

ಹಾಗೆಂದು ಆರ್‌ಸಿಸಿಬಿ ತೆಗೆಸಬೇಡಿ. ಗ್ರೈಂಡರ್, ಡ್ರಿಲ್ ಓಡುವುದೂ ಅದೇ ಲೈನಿನಲ್ಲಿ.

ಅರ್ಥ್ ಕ್ಲಾಂಪ್ ಕೆಲಸಕ್ಕೆ ಹಾಕಿದ ಮೇಲೆ ಬೇರೆ ಅರ್ಥಿಂಗ್ ಯಾಕೆ?

ನಾವು ಅರ್ಥ್ ಕ್ಲಾಂಪ್ ಎನ್ನುವುದಕ್ಕೂ ಭೂಮಿಗೂ ಸಂಬಂಧವಿಲ್ಲ. ಅದು ವೆಲ್ಡಿಂಗ್ ಕರೆಂಟು ಮೆಷಿನ್ನಿಗೆ ಹಿಂದಿರುಗುವ ದಾರಿ. ನಿಜವಾದ ಅರ್ಥಿಂಗ್ ಎಂದರೆ ಪ್ಲಗ್ಗಿನ ಮೂರನೇ ಪಿನ್ನು ಮತ್ತು ಅದರ ಹಿಂದಿನ ಅರ್ಥ್ ಗುಂಡಿ. ಒಳಗೆ ತಂತಿ ಕಳಚಿ ಮೆಷಿನ್ನಿನ ಬಾಡಿಗೆ ತಾಗಿದರೆ ಮೊದಲು ಕಾಯುವುದು ಅದೇ. ಮೂರನೇ ಪಿನ್ ಮುರಿದು ಎರಡೇ ಪಿನ್ನಿನಲ್ಲಿ ನಡೆಸುವುದು ಬೇಡ.

ಕ್ಲಾಂಪನ್ನು ಬೆಸೆಯುವ ತುಂಡಿಗೇ, ಪೇಂಟು-ತುಕ್ಕು ಉಜ್ಜಿದ ಜಾಗಕ್ಕೆ, ಆದಷ್ಟು ಹತ್ತಿರ ಹಾಕಿ. ಕಟ್ಟಡದ ಕಂಬಿ, ನೀರಿನ ಪೈಪು, ಲಿಫ್ಟಿಂಗ್ ಚೈನು ಇವನ್ನು ಹಿಂದಿರುಗುವ ದಾರಿಯಾಗಿ ಬಳಸಿದರೆ ನೂರಕ್ಕೂ ಹೆಚ್ಚು ಆಂಪಿಯರ್ ಸಡಿಲವಾದ ಯಾವುದೋ ಜೋಡಣೆಯಲ್ಲಿ ಕಿಡಿ ಎಬ್ಬಿಸುತ್ತದೆ. ಕೇಬಲ್ಲು 200 ಆಂಪಿಯರ್ ಮೆಷಿನ್ನಿಗೆ ಕನಿಷ್ಠ 25 ಚದರ ಮಿ.ಮೀ. ತಾಮ್ರದ್ದು ಇರಲಿ, ಎರಡೂ ಕೇಬಲ್ ಒಂದೇ ದಪ್ಪ.

ಮಲೆನಾಡಿನ ಮಳೆಗಾಲದಲ್ಲಿ ಕೆಲಸ ನಿಲ್ಲಿಸಿಕೊಂಡು ಕೂರೋಕಾಗಲ್ಲ. ಏನು ಮಾಡಬೇಕು?

ಸೂರಿನ ಅಡಿ ಒಣ ಪ್ಲೈವುಡ್ ಅಥವಾ ರಬ್ಬರ್ ಮ್ಯಾಟ್ ಹಾಕಿ ಅದರ ಮೇಲೆ ನಿಂತು ಮಾಡಿ. ಎರಡು ಜೊತೆ ಗ್ಲೌಸು ಇಟ್ಟುಕೊಳ್ಳಿ, ಒಂದು ಬೆವರಿನಲ್ಲಿ ನೆಂದಾಗ ಇನ್ನೊಂದು. ಮೆಷಿನ್ನನ್ನು ನೆಲದಿಂದ ಎತ್ತರಿಸಿ ಇಡಿ. ಒದ್ದೆ ಬಟ್ಟೆಯಲ್ಲಿ, ಹನಿಯುವ ಜಾಗದಲ್ಲಿ ಬೇಡವೇ ಬೇಡ.

ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡರೆ?

ಮುಟ್ಟಬೇಡಿ. ಮೊದಲು ಮೇನ್ ಆಫ್ ಮಾಡಿ. ಅದು ಕೈಗೆಟುಕದಿದ್ದರೆ ಒಣ ಮರದ ತುಂಡಿನಿಂದ ಹೋಲ್ಡರನ್ನೋ ಕೇಬಲನ್ನೋ ದೂರ ತಳ್ಳಿ. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ತಕ್ಷಣ ಎದೆ ಒತ್ತಲು ಶುರುಮಾಡಿ: ಎದೆಯ ನಡುವೆ, 5-6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವವರೆಗೆ. ಎದ್ದು ಕೂತು ಏನೂ ಆಗಿಲ್ಲ ಎಂದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ.

## ಹೊಗೆ

ಜಿಐ ಪೈಪು ವೆಲ್ಡ್ ಮಾಡಿದ ದಿನ ರಾತ್ರಿ ಚಳಿಜ್ವರ ಬರುತ್ತೆ. ಹಾಲು ಕುಡಿದರೆ ಆಗುತ್ತಂತಲ್ಲ?

ಅದು ಸತುವಿನ ಹೊಗೆಯ ಜ್ವರ. ಜಿಐ ಮೇಲಿನ ಸತು ಉರಿದು ಬಿಳಿ ಹೊಗೆಯಾಗುತ್ತದೆ. ಉಸಿರಿನಲ್ಲಿ ಒಳಗೆ ಹೋದರೆ ನಾಲ್ಕಾರು ಗಂಟೆ ಬಿಟ್ಟು ನಡುಕ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಹಾಲು, ಬೆಲ್ಲ, ಬಾಳೆಹಣ್ಣು ಹೋಗುವುದು ಹೊಟ್ಟೆಗೆ. ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ತಿನ್ನಲು ಅಡ್ಡಿಯಿಲ್ಲ, ರಕ್ಷಣೆ ಎಂದುಕೊಳ್ಳಬೇಡಿ. ಉಸಿರು ಕಟ್ಟುವುದು, ಎದೆ ಬಿಗಿಯುವುದು ಇದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಬೆಸುಗೆ ಬರುವ ಜಾಗದ ಎರಡೂ ಬದಿ 25ರಿಂದ 50 ಮಿ.ಮೀ. ಸತುವನ್ನು ಮೊದಲೇ ಗ್ರೈಂಡ್ ಮಾಡಿ ತೆಗೆಯಿರಿ, ಮಾಸ್ಕ್ ಹಾಕಿಕೊಂಡೇ. ಫ್ಯಾನನ್ನು ಬೆನ್ನ ಹಿಂದೆ ಇಡಬೇಡಿ, ಹೊಗೆ ಮೈಮುಂದೆಯೇ ಸುಳಿಯುತ್ತದೆ. ಪಕ್ಕದಿಂದ ಗಾಳಿ ಹಾಯುವ ಹಾಗೆ ಇಡಿ.

ಕರ್ಚೀಫ್ ಕಟ್ಟಿಕೊಂಡರೆ ಸಾಕಾ?

ಸಾಲದು. ಹೊಗೆಯ ಕಣ ಬಟ್ಟೆಯ ನೇಯ್ಗೆಗಿಂತ ಬಹಳ ಸಣ್ಣದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಕನಿಷ್ಠ. ಸ್ಟೇನ್‌ಲೆಸ್ ಸ್ಟೀಲ್ ಬೆಸೆಯುವವರಿಗೆ ಅದೂ ಕಡಿಮೆಯೇ, ಅದರ ಹೊಗೆಯಲ್ಲಿ ಕ್ಯಾನ್ಸರ್ ತರುವ ಕ್ರೋಮಿಯಂ ಇರುತ್ತದೆ. ಪಿ100 ಫಿಲ್ಟರ್ ಹಾಕಿದ ರೆಸ್ಪಿರೇಟರ್ ತನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2017ರಲ್ಲಿ ಎಲ್ಲ ವೆಲ್ಡಿಂಗ್ ಹೊಗೆಯನ್ನೂ ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಪಟ್ಟಿಗೆ, ಸೇರಿಸಿತು.

ಗ್ರೀಸ್ ತೆಗೆಯೋಕೆ ಬ್ರೇಕ್ ಕ್ಲೀನರ್ ಹೊಡೆದು ವೆಲ್ಡ್ ಮಾಡಬಹುದಾ?

ಕ್ಲೋರಿನ್ ಇರುವ ಕ್ಲೀನರ್ ಆದರೆ ಆರ್ಕಿನ ಶಾಖ ಮತ್ತು ಕಿರಣಕ್ಕೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಕ್ಲೋರಿನ್ ಇಲ್ಲದ್ದು ಬೆಂಕಿ ಹಿಡಿಯುತ್ತದೆ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ.

## ಬೆಂಕಿ ಮತ್ತು ಸ್ಫೋಟ

ಕಿಡಿ ಎಷ್ಟು ದೂರ ಹಾರುತ್ತೆ?

ನೆಲಮಟ್ಟದಲ್ಲಿ 10-11 ಮೀಟರ್‌ವರೆಗೆ ಲೆಕ್ಕ ಇಟ್ಟುಕೊಳ್ಳಿ, ಎತ್ತರದಿಂದ ಬಿದ್ದರೆ ಇನ್ನೂ ಹೆಚ್ಚು. ಆ ಸುತ್ತಳತೆಯಲ್ಲಿರುವ ಹುಲ್ಲು, ಗೋಣಿಚೀಲ, ತೆಂಗಿನ ನಾರು, ಪೇಂಟು, ಥಿನ್ನರ್ ಎಲ್ಲ ಆಚೆಗೆ. ಸರಿಸಲಾಗದ್ದಕ್ಕೆ ತಗಡು ಮುಚ್ಚಿ. ಕೈಗೆಟುಕುವಲ್ಲಿ ಎಬಿಸಿ ಪೌಡರಿನ ಸಿಲಿಂಡರ್, ಎರಡು ಬಕೆಟ್ ಮರಳು ಇರಲಿ. ಶಾರ್ಟ್ ಆಗಿ ಹೊತ್ತಿದ್ದಕ್ಕೆ ನೀರು ಎರಚಬೇಡಿ. ಕೆಲಸ ಮುಗಿಸಿ ಬೀಗ ಹಾಕಿಕೊಂಡು ಹೊರಡುವುದು ದೊಡ್ಡ ತಪ್ಪು: ನಾರಿನೊಳಗೆ ಕೂತ ಕಿಡಿ ಅರ್ಧ ಗಂಟೆ ಬಿಟ್ಟು ಹೊಗೆಯಾಡುತ್ತದೆ. ಒಂದು ಗಂಟೆ ಯಾರಾದರೂ ಅಲ್ಲೇ ಇರಲಿ.

ಖಾಲಿ ಡೀಸೆಲ್ ಡ್ರಮ್ ಕತ್ತರಿಸಬೇಕು. ತಿಂಗಳಿಂದ ಬಿಸಿಲಲ್ಲಿ ಒಣಗಿದೆ, ಪರವಾಗಿಲ್ವಾ?

ಖಾಲಿ ಡ್ರಮ್ಮು ತುಂಬಿದ ಡ್ರಮ್ಮಿಗಿಂತ ಅಪಾಯ. ಅಂಚಿನ ಮಡಿಕೆಯಲ್ಲಿ, ತುಕ್ಕಿನ ಒಳಗೆ ಉಳಿದ ಚಮಚದಷ್ಟು ಡೀಸೆಲ್ ಆರ್ಕಿನ ಶಾಖಕ್ಕೆ ಆವಿಯಾಗಿ, ಒಳಗಿನ ಗಾಳಿಯ ಜೊತೆ ಬೆರೆತು ಸ್ಫೋಟಿಸುತ್ತದೆ. ಮುಚ್ಚಳ ಹಾರುವುದು ನಿಮ್ಮ ಕಡೆಗೆ. ಮೂಗಿಗೆ ವಾಸನೆ ಬರದಿರುವುದು ಪರೀಕ್ಷೆಯಲ್ಲ. ವಾಹನದ ಟ್ಯಾಂಕಾದರೆ ಆವಿಯಿಂದ ತೊಳೆದು, ನೀರು ತುಂಬಿಸಿ ಅಥವಾ ಆರ್ಗಾನ್ ಹಾಯಿಸಿ ಮಾಡುವ ಕ್ರಮವಿದೆ. ಅದು ಅನಿಲ ಅಳೆಯುವ ಮೀಟರ್ ಇರುವವರ ಕೆಲಸ. ನೀರಿನ ತೊಟ್ಟಿಗಾಗಿ ಡ್ರಮ್ ಬೇಕಿದ್ದರೆ ಕತ್ತರಿಸಿದ್ದನ್ನೇ ಕೊಳ್ಳಿ.

ಎರಡೂ ತುದಿ ಮುಚ್ಚಿದ ಪೈಪಿನಲ್ಲೂ ಒಳಗಿನ ಗಾಳಿ ಹಿಗ್ಗಿ ಸಿಡಿಯಬಹುದು. ಮೊದಲು ಡ್ರಿಲ್‌ನಿಂದ ಒಂದು ಸಣ್ಣ ತೂತು ಕೊರೆಯಿರಿ.

ಟ್ರೇಲರ್ ಚಕ್ರದ ರಿಮ್ ಸೀಳಿದೆ. ಗಾಳಿ ಬಿಟ್ಟು, ಟಯರ್ ಇಟ್ಟುಕೊಂಡೇ ಒಂದು ಟ್ಯಾಕ್ ಹಾಕಲಾ?

ಬೇಡ, ಗಾಳಿ ಬಿಟ್ಟಿದ್ದರೂ ಬೇಡ. ರಿಮ್ಮಿನ ಶಾಖಕ್ಕೆ ಒಳಗಿನ ರಬ್ಬರ್ ಬೆಂದು ಹೊತ್ತುವ ಅನಿಲ ಬಿಡುತ್ತದೆ. ಅದು ಒಳಗೇ ಸ್ಫೋಟಿಸಿದರೆ ಮನುಷ್ಯನನ್ನು ಎಸೆಯುವಷ್ಟು ಬಲ. ಟಯರನ್ನು ರಿಮ್ಮಿನಿಂದ ಪೂರ್ತಿ ಬಿಚ್ಚಿ. ಸೀಳಿದ ರಿಮ್ಮನ್ನು ಬೆಸೆಯುವುದಕ್ಕಿಂತ ಬದಲಿಸುವುದೇ ಸರಿ.

## ಕೈ ಪಳಗಿದವರ ಪ್ರಶ್ನೆಗಳು

ಟ್ರ್ಯಾಕ್ಟರ್ ಮೇಲೇ ವೆಲ್ಡ್ ಮಾಡುವಾಗ ಬ್ಯಾಟರಿ ಬಿಚ್ಚಲೇಬೇಕಾ?

ಬಿಚ್ಚಿ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಆಲ್ಟರ್ನೇಟರ್ ಕನೆಕ್ಟರನ್ನೂ, ಹೊಸ ಮಾಡೆಲ್‌ಗಳಲ್ಲಿ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಪ್ಲಗ್ಗನ್ನೂ ಎಳೆದಿಡಿ. ಬ್ಯಾಟರಿ ಪಕ್ಕದಲ್ಲೇ ಕೆಲಸವಾದರೆ ಅದನ್ನು ಇಳಿಸಿಯೇ ಬಿಡಿ, ಅದರಿಂದ ಬರುವ ಹೈಡ್ರೋಜನ್ ಕಿಡಿಗೆ ಹೊತ್ತುತ್ತದೆ. ಕ್ಲಾಂಪು ಮತ್ತು ಬೆಸುಗೆಯ ನಡುವೆ ಬೇರಿಂಗ್ ಬರದಂತೆ ನೋಡಿಕೊಳ್ಳಿ. ಬಂದರೆ ಗುಂಡುಗಳ ಮೇಲೆ ಆರ್ಕ್ ಗುಳಿ ಬಿದ್ದು ಕೆಲ ದಿನಕ್ಕೇ ಸದ್ದು ಶುರುವಾಗುತ್ತದೆ. ಡೀಸೆಲ್ ಮತ್ತು ಹೈಡ್ರಾಲಿಕ್ ಪೈಪುಗಳಿಗೆ ಕಿಡಿ ತಾಗದಂತೆ ಮುಚ್ಚಿ.

ಕಬ್ಬಿಣದ ಟ್ಯಾಂಕಿನ ಒಳಗೆ ಇಳಿದು ವೆಲ್ಡ್ ಮಾಡೋದು ಹೇಗೆ?

ಒಬ್ಬರೇ ಇಳಿಯಬೇಡಿ. ಮೇಲೆ ಒಬ್ಬರು, ಸ್ವಿಚ್ಚಿನ ಹತ್ತಿರ, ಕಣ್ಣಳತೆಯಲ್ಲಿ ಇರಲೇಬೇಕು. ಒಳಗಿನವರ ಸೊಂಟಕ್ಕೆ ಹಗ್ಗ ಕಟ್ಟಿ, ತುದಿ ಮೇಲಿನವರ ಕೈಯಲ್ಲಿರಲಿ. ಒಳಗಿನವರು ಬಿದ್ದರೆ ಮೇಲಿನವರು ಇಳಿಯಬಾರದು, ಹಗ್ಗದಿಂದ ಎಳೆಯಬೇಕು. ಒಂದರ ಹಿಂದೆ ಒಂದು ಸಾವಾಗುವುದು ಹೀಗೆ ಇಳಿದಾಗಲೇ. ಬ್ಲೋವರಿನ ಪೈಪನ್ನು ತಳದವರೆಗೆ ಬಿಟ್ಟು ಗಾಳಿ ಹಾಯಿಸಿ. ಗಾಳಿ ಸಾಲದೆಂದು ಸಿಲಿಂಡರಿನಿಂದ ಆಕ್ಸಿಜನ್ ಬಿಟ್ಟರೆ ಮೈಮೇಲಿನ ಬಟ್ಟೆಯೇ ಒಂದು ಕಿಡಿಗೆ ಭುಗ್ಗೆನ್ನುತ್ತದೆ. ಸುತ್ತಲೂ ಕಬ್ಬಿಣ ಇರುವುದರಿಂದ ಎಸಿ ಮೆಷಿನ್ ಬೇಡ, ವಿಆರ್‌ಡಿ ಇರುವ ಡಿಸಿ ಬಳಸಿ. ಮೆಷಿನ್ ಹೊರಗೇ ಇರಲಿ, ಟೀ ಕುಡಿಯಲು ಮೇಲೆ ಬಂದಾಗ ಹೋಲ್ಡರನ್ನೂ ತನ್ನಿ.

ಒಂದೇ ಗಿರ್ಡರ್ ಮೇಲೆ ಎರಡು ಮೆಷಿನ್ ಇಟ್ಟು ಇಬ್ಬರು ಮಾಡಬಹುದಾ?

ಮಾಡಬಹುದು, ಆದರೆ ಎರಡು ಹೋಲ್ಡರ್ ಒಬ್ಬರ ಕೈಗೆ ಒಟ್ಟಿಗೆ ಎಟುಕಬಾರದು. ಒಂದರ ಧ್ರುವ ಇನ್ನೊಂದಕ್ಕೆ ಉಲ್ಟಾ ಇದ್ದರೆ, ಇಲ್ಲವೇ ಎಸಿ ಮೆಷಿನ್‌ಗಳು ಬೇರೆ ಬೇರೆ ಫೇಸಿನಲ್ಲಿದ್ದರೆ, ಎರಡು ಹೋಲ್ಡರುಗಳ ನಡುವೆ 70 ಅಲ್ಲ, 140ರ ತನಕ ವೋಲ್ಟ್ ನಿಲ್ಲಬಹುದು. ಡಿಸಿಯಾದರೆ ಎರಡನ್ನೂ ಒಂದೇ ಧ್ರುವಕ್ಕೆ ಹಾಕಿ, ಪ್ರತಿ ಮೆಷಿನ್ನಿನ ಕ್ಲಾಂಪನ್ನು ಅದರದೇ ಬೆಸುಗೆಯ ಹತ್ತಿರ ಕಚ್ಚಿಸಿ.

ಇನ್ವರ್ಟರ್ ಒಳಗೆ ಧೂಳು ತುಂಬಿದೆ. ಕವರ್ ಬಿಚ್ಚಿ ಊದಬಹುದಾ?

ಊದಬೇಕು, ಗ್ರೈಂಡಿಂಗ್ ಪುಡಿ ಬೋರ್ಡಿನ ಮೇಲೆ ಕೂತರೆ ಶಾರ್ಟ್ ಆಗುತ್ತದೆ. ಆದರೆ ಪ್ಲಗ್ ಎಳೆದ ಕೂಡಲೇ ಬಿಚ್ಚಬೇಡಿ. ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ಡಿಸಿ ನಿಂತಿರುತ್ತದೆ. ಕನಿಷ್ಠ 10 ನಿಮಿಷ ಬಿಟ್ಟು, ಮೀಟರಿನಲ್ಲಿ ಅಳೆದು ನೋಡಿ, ಆಮೇಲೆ ಕಡಿಮೆ ಒತ್ತಡದ ಒಣ ಗಾಳಿಯಿಂದ ಊದಿ. ಮೀಟರ್ ಹಿಡಿಯಲು ಬರದಿದ್ದರೆ ಮೆಕ್ಯಾನಿಕ್ಕಿಗೆ ಕೊಡಿ.

ಎದೆಯಲ್ಲಿ ಪೇಸ್‌ಮೇಕರ್ ಇದೆ. ಕೆಲಸ ಬಿಡಬೇಕಾ?

ಅದನ್ನು ಹೃದ್ರೋಗ ತಜ್ಞರೇ ಹೇಳಬೇಕು, ಸಾಧನದ ಮಾಡೆಲ್ ನೋಡಿ. ಅವರು ಒಪ್ಪಿದರೆ ಕರೆಂಟು ಕಡಿಮೆ ಇಡಿ, ಹೋಲ್ಡರ್ ಮತ್ತು ಕ್ಲಾಂಪಿನ ಕೇಬಲ್ಲುಗಳನ್ನು ಜೋಡಿಸಿ ಒಂದೇ ಬದಿಯಲ್ಲಿ ಹಾಯಿಸಿ. ಮೈ ಎರಡು ಕೇಬಲ್ಲಿನ ನಡುವೆ ಬರಬಾರದು. ತಲೆ ತಿರುಗಿದಂತಾದರೆ ತಕ್ಷಣ ನಿಲ್ಲಿಸಿ ಮೆಷಿನ್ನಿನಿಂದ ದೂರ ಸರಿಯಿರಿ.